ಕಲಸಿಟ್ಟ ಅಂಟು

ಥರ್ಮಾಕೋಲಿನಲ್ಲಿ ರೇವಂತ್ ಕೆತ್ತದೆ ಬಿಟ್ಟದ್ದು ಏನಿತ್ತು ಹೇಳಿ! ಪದ್ಮನಾಭನಗರದ ಕಲ್ಯಾಣಮಂಟಪಗಳಲ್ಲಿ ನವಿಲು, ಆನೆ, ಕಮಲ, ಗಂಡುಹೆಣ್ಣಿನ ಹೆಸರು, ಎಲ್ಲ ಅವನ ಕೈಕೆಲಸವೇ. ಅಂಥ ಕೈಗೇ ಕಾಯಿಲೆ ಬರಬೇಕೆ? ನರದ ಕಾಯಿಲೆ. ಮೊದಲು ಬೆರಳು, ಆಮೇಲೆ ಕೈ, ಆಮೇಲೆ ಕಾಲು. ವಾಸಿಯಾಗುವಂಥದ್ದಲ್ಲ ಎಂದು ಡಾಕ್ಟರು ಮುಖ ನೋಡದೆ ಹೇಳಿ ಕಳಿಸಿದ್ದರು.

ಬೆರಳು ಇನ್ನೂ ಮಾತು ಕೇಳುತ್ತಿದ್ದಾಗ ಅವನು ಕೊನೆಯದಾಗಿ ಕೆತ್ತಿದ್ದು ಒಂದು ಸರ್ಫ್ ಬೋರ್ಡು. ಹಿಂದೊಮ್ಮೆ ಮದುವೆಯ ಡೆಕೋರೇಷನ್ನಿಗೆಂದು ಮೂಲ್ಕಿಗೆ ಹೋದವನು ಅಲೆಯ ಮೇಲೆ ನಿಲ್ಲುವ ಹುಚ್ಚು ಹತ್ತಿಸಿಕೊಂಡು ಬಂದಿದ್ದ. ಉತ್ತರಹಳ್ಳಿಯ ಮನೆಯ ತಾರಸಿಯಲ್ಲಿ, ಶೀಟಿನ ನೆರಳಿನಲ್ಲಿ ಕೂತು, ಆರು ತಿಂಗಳು ಉಜ್ಜಿ ಉಜ್ಜಿ ಏಳಡಿ ಉದ್ದದ ಹಲಗೆ ಮಾಡಿದ. ಅಷ್ಟರಲ್ಲಿ ಬಲಗೈ ಬಿದ್ದೇಹೋಯಿತು. ಇನ್ನು ಉಳಿದದ್ದು ಅದಕ್ಕೆ ಫೈಬರ್ ಬಟ್ಟೆ ಹೊದಿಸಿ ಅಂಟು ಬಳಿಯುವ ಕೆಲಸ. ಬಳಿಯದಿದ್ದರೆ ಅದು ಬರೀ ಥರ್ಮಾಕೋಲು, ನೀರಿಗಿಳಿದರೆ ಎರಡು ತುಂಡು.

ಆ ಕೆಲಸ ಅಕ್ಕ ಮಧುಶ್ರೀಯ ಪಾಲಿಗೆ ಬಂತು. ಮಳೆ ಹಿಡಿಯುವ ಮೊದಲು ತಮ್ಮನನ್ನು ಮೂಲ್ಕಿಗೆ ಕರೆದೊಯ್ದು, ಅವನದೇ ಬೋರ್ಡಿನ ಮೇಲೆ ಬೋರಲು ಮಲಗಿಸಿ, ಮೊಣಕಾಲುದ್ದದ ನೀರಿನಲ್ಲಾದರೂ ಒಮ್ಮೆ ತೇಲಿಸಬೇಕು. ಮುಂದಿನ ವರ್ಷಕ್ಕೆ ಅವನ ಕುತ್ತಿಗೆ ನಿಲ್ಲುತ್ತದೋ ಇಲ್ಲವೋ ಯಾರಿಗೆ ಗೊತ್ತು? ಇಷ್ಟೇ ಅವಳ ಆಸೆ. ದೊಡ್ಡ ಆಸೆಯೇನಲ್ಲವಲ್ಲ!

ರೇವಂತ್ ಒಂದಲ್ಲ, ಹತ್ತು ಸಲ ಹೇಳಿಕೊಟ್ಟಿದ್ದ. "ಅಂಟಿನ ಎರಡು ಡಬ್ಬಿದೂ ಕಲಸಿದ್ಮೇಲೆ ಇಪ್ಪತ್ತೈದು ನಿಮಿಷ ಅಷ್ಟೇ ಅಕ್ಕ ಟೈಮು. ಅದೂ ಹಲಗೆ ಮೇಲೆ ಹರಡಿದ್ರೆ. ಬಕೆಟ್ಟಲ್ಲೇ ಬಿಟ್ರೆ ತಾನೇ ಕಾದು ಹೊಗೆ ಎದ್ಬಿಡುತ್ತೆ. ಅದಕ್ಕೇ ಲೋಟದಷ್ಟು ಲೋಟದಷ್ಟೇ ಕಲಸ್ಬೇಕು. ನಾನು ಬರೋ ತನಕ ಮುಟ್ಬೇಡ."

ಮುಟ್ಟದೆ ಇರುತ್ತಿದ್ದಳೋ ಏನೋ. ಆದರೆ ಅಜ್ಜಿ ಮುನಿಲಕ್ಷ್ಮಮ್ಮ ಇದ್ದಾಳಲ್ಲ! ಊರಿಗೆ ಹೊರಡುವಾಗ ರಾಹುಕಾಲ ಅಡ್ಡ ಬಂದರೆ ಮೊದಲೇ ಬ್ಯಾಗನ್ನು ಎದುರುಮನೆಯಲ್ಲಿ ಇರಿಸಿಬಂದು, ಹೊರಟಾಯಿತು ಎಂದು ಲೆಕ್ಕ ಹಾಕುವ ಗಟ್ಟಿಗಿತ್ತಿ. ಎದುರಾಡಿದರೆ ಮೂರು ದಿನ ಊಟ ಬಿಡುತ್ತಾಳೆ. ಆ ಶನಿವಾರ ಎಂಟೂಮುಕ್ಕಾಲಿಗೆ ಮೊಣಕಾಲು ಹಿಡಿದುಕೊಂಡೇ ತಾರಸಿ ಹತ್ತಿ ಬಂದಳು.

"ಒಂಬತ್ತಕ್ಕೆ ರಾಹುಕಾಲ ಕಣೇ. ಇನ್ನೂ ಶುರು ಮಾಡಿಲ್ವಾ?"

"ಅವನಿನ್ನೂ ಸ್ನಾನದಲ್ಲವ್ನೆ ಅಜ್ಜಿ. ಸಿದ್ದರಾಜಣ್ಣ ಎತ್ಕೊಂಡು ಬರ್ತಾರೆ. ಹತ್ತೂವರೆ ಆದ್ಮೇಲೇ ಮಾಡಣ ಬಿಡು."

"ಹತ್ತೂವರೆಗೆ ಬಿಸಿಲು ಸುಡುತ್ತೆ ಅಂತ ನೀನೇ ಅಂದಿದ್ದಲ್ಲೇ? ಕಲಸಿ ಇಟ್ಬಿಡು, ಶುರುವಾದಂಗೇ ಆಯ್ತು. ಪೂರ್ತಿ ಕಲಸು. ಅರ್ಧ ರಾಹುಕಾಲಕ್ಕೆ ಮುಂಚೆ, ಅರ್ಧ ಆಮೇಲೆ ಆಗ್ಬಾರ್ದು. ಮಗೀನ ವಿಷ್ಯ ಇದು."

ತಮ್ಮನನ್ನು ಮಗು ಎಂದಳಲ್ಲ, ಅಲ್ಲಿಗೆ ಮಧುಶ್ರೀ ಸೋತಳು. ಇಷ್ಟು ದಿನ ಯಾವ ದೇವರೂ ಕಣ್ಣು ಬಿಟ್ಟಿರಲಿಲ್ಲ. ಇದೊಂದಕ್ಕಾದರೂ ವಿಘ್ನ ಬೇಡ ಎನ್ನಿಸಿತು. ಸ್ನಾನ ಮುಗಿಯುವ ಹೊತ್ತಾಯಿತು, ಹತ್ತು ನಿಮಿಷಕ್ಕೆ ಮೇಲೆ ಬಂದೇ ಬರುತ್ತಾನೆ ಎಂದುಕೊಂಡು ಎರಡೂ ಡಬ್ಬಿಯನ್ನು ಬಕೆಟ್ಟಿಗೆ ಬಗ್ಗಿಸಿ ಕಲಸಿದಳು. ಅಜ್ಜಿ ಕೈಮುಗಿದು ಕೆಳಗಿಳಿದಳು. ಒಂಬತ್ತಕ್ಕೆ ಇನ್ನೂ ಆರು ನಿಮಿಷವಿತ್ತು.

ಹತ್ತು ನಿಮಿಷವಾಯಿತು, ಬರಲಿಲ್ಲ. ಪ್ಯಾಂಟು ತೊಡಿಸುವಷ್ಟರಲ್ಲಿ ಅವನ ಕಾಲು ಸೆಡೆತುಕೊಂಡಿತ್ತಂತೆ, ಬಾಡಿಗೆಮನೆಯ ಸಿದ್ದರಾಜು ತಿಕ್ಕುತ್ತ ಕೂತಿದ್ದರು. ಮೇಲೆ ಮಧುಶ್ರೀ ಬಕೆಟ್ಟನ್ನು ಮುಟ್ಟಿದಳು. ಬಿಸಿ! ಕಡ್ಡಿ ಅದ್ದಿ ಎತ್ತಿದರೆ ಬೆಲ್ಲದ ಪಾಕದ ಹಾಗೆ ಎಳೆ ಬಂತು. ಗಟ್ಟಿಯಾಗಿಬಿಟ್ಟರೆ ಎಲ್ಲ ಹೋಯಿತು, ಇದ್ದಷ್ಟಾದರೂ ದಕ್ಕಲಿ ಎಂದು ಬಕೆಟ್ಟನ್ನು ಎತ್ತಿ, ಹಲಗೆಗೆ ಹೊದಿಸಿಟ್ಟಿದ್ದ ಬಟ್ಟೆಯ ಮೇಲೆ ಬಗ್ಗಿಸಿಯೇಬಿಟ್ಟಳು.

ಆಗ ಮೆಟ್ಟಿಲ ಬಾಗಿಲಲ್ಲಿ, ಸಿದ್ದರಾಜುವಿನ ಬೆನ್ನ ಮೇಲಿಂದ, ರೇವಂತ್ ಕೂಗಿದ. "ಹಲಗೆ ಮೇಲೆ ಬೇಡ! ನೆಲಕ್ಕೆ ಸುರಿಯಕ್ಕ, ನೆಲಕ್ಕೆ!"

ತಡವಾಗಿತ್ತು. ಕುದಿಯುವ ಅಂಟಿನಡಿ ಬಟ್ಟೆ ಮೆಲ್ಲಗೆ ಕುಸಿಯಿತು. ಥರ್ಮಾಕೋಲು ಕರಗಿ ನಡುವಿನಲ್ಲಿ ಅಂಗೈಯಗಲದ ಹಳ್ಳ ಬಿತ್ತು, ಪಕ್ಕದಲ್ಲಿ ಇನ್ನೊಂದು. ಅಯ್ಯಯ್ಯೋ ಎನ್ನುತ್ತ ಮಧುಶ್ರೀ ಬರಿಗೈಯಲ್ಲೇ ಬಳಿದು ತೆಗೆಯಹೋದಳು. ಬೆರಳು ಸುಟ್ಟು ಬೊಬ್ಬೆ ಎದ್ದರೂ ಬಿಡಲಿಲ್ಲ. ಕೊನೆಗೆ ಬಟ್ಟೆಯೂ ಅಂಟೂ ಹಲಗೆಯೂ ಒಂದೇ ಗಟ್ಟಿ ಮುದ್ದೆಯಾಗಿ ಕೂತವು. ಆರು ತಿಂಗಳ ನಯವೆಲ್ಲ ಕಣ್ಣೆದುರೇ ಮಣ್ಣುಪಾಲಾಯಿತು. ತಡೆಯಲು ರೇವಂತನಿಗೆ ಕೈಯೆತ್ತಲೂ ಆಗಲಿಲ್ಲ.

ಕೂಗು ಕೇಳಿ ಅಜ್ಜಿ ಏದುಸಿರು ಬಿಡುತ್ತ ಬಂದಳು. "ಏನಾಯ್ತು ಮಗಾ?"

ಮಧುಶ್ರೀ ಬಾಯಿ ತೆರೆಯುವ ಮೊದಲೇ ರೇವಂತ್ ಹೇಳಿದ. "ಏನಿಲ್ಲ ಅಜ್ಜಿ. ಅಂಟು ಹಳೇದು. ಅಂಗಡಿಯೋನು ಮೋಸ ಮಾಡವ್ನೆ."

"ಅವನ ಮನೆ ಹಾಳಾಗ," ಎಂದು ಅಜ್ಜಿ ನೆಟಿಕೆ ಮುರಿದಳು. ನಮ್ಮಿಂದೇನೂ ತಪ್ಪಾಗಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡು ಮೆಟ್ಟಿಲಿಳಿದಳು.

ಸಿದ್ದರಾಜು ಅವನನ್ನು ಕುರ್ಚಿಯಲ್ಲಿ ಕೂರಿಸಿದರು. ಮಧುಶ್ರೀ ಅವನ ಕಾಲ ಬಳಿ ಕುಸಿದಳು.

"ಬೈಯೋ ನನ್ನ. ಒಂದ್ ಸಲ ಬೈದ್ಬಿಡೋ."

"ಬೈದು ಏನ್ ಮಾಡ್ಲಿ ಬಿಡಕ್ಕ."

"ನಾಳೇನೇ ಹೊಸಾ ಥರ್ಮಾಕೋಲ್ ತರ್ತೀನಿ. ನೀನು ಕೂತ್ಕೊಂಡು ಹೇಳು ಸಾಕು. ನೀನು ಹೇಳಿದಂಗೇ ಕೆತ್ತೀನಿ, ಕೂದಲೆಳೆಯಷ್ಟೂ ಆಚೀಚೆ ಆಗಲ್ಲ. ಅಂಥದ್ದೇ ಮಾಡಣ ಕಣೋ."

ಅವನು ಆ ಮುದ್ದೆಯ ಕಡೆ ನೋಡಿದ. ಮುಖದಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ.

"ಮಾಡ್ಬೋದು. ಆದ್ರೆ ಅದು ನಿಂದಾಗುತ್ತೆ ಕಣಕ್ಕ," ಎಂದ. ಆಮೇಲೆ ಸಿದ್ದರಾಜುವಿನ ಕಡೆ ತಿರುಗಿ, "ಅಣ್ಣ, ಕೆಳಗೆ ಕರ್ಕೊಂಡು ಹೋಗ್ತೀರಾ?" ಎಂದು ಕೇಳಿದ.