ತೊರೆಯಂಚಿನ ಹುಲ್ಲು

ತೊರೆಯ ದಂಡೆಗುಂಟ ನಮ್ಮದೊಂದು ಹುಲ್ಲಿನ ಪಟ್ಟಿ ಇತ್ತು. ನಮ್ಮತ್ತೆ ಅದಕ್ಕೆ ನೇಗಿಲು ಮುಟ್ಟಿಸಲು ಯಾರನ್ನೂ ಬಿಟ್ಟವಳಲ್ಲ. ಸೊಂಟದೆತ್ತರ ಹುಲ್ಲು, ಅದರೊಳಗೆ ನೆಲದ ಮೇಲೇ ಮೊಟ್ಟೆಯಿಡುವ ಹಕ್ಕಿಗಳು. ಸಂಜೆ ಕೋಲೂರಿಕೊಂಡು ಹೋಗಿ ಅಲ್ಲಿ ಕೂತು ಬರುತ್ತಿದ್ದಳು. ನನ್ನ ಮೇಲಿನ ದೂರನ್ನೆಲ್ಲ ಹಕ್ಕಿಗಳಿಗೆ ಹೇಳಿ ಮುಗಿಸುತ್ತಿದ್ದಳೋ ಏನೋ, ಮನೆಗೆ ಬಂದ ಮೇಲೆ ನನ್ನ ತಂಟೆಗೆ ಬರುತ್ತಿರಲಿಲ್ಲ.

ಪಕ್ಕದ ಹೊಲ ನನ್ನ ಗಂಡನ ದೊಡ್ಡಪ್ಪನ ಮಗನದು, ನನಗೆ ಭಾವ. ನೀರಿನಂಚಿನವರೆಗೂ ಉತ್ತು, ಮಳೆ ಬಂದಾಗಲೆಲ್ಲ ಮಣ್ಣನ್ನು ತೊರೆಗೆ ಧಾರೆಯೆರೆಯುವ ಪುಣ್ಯಾತ್ಮ. ದಂಡೆಯಲ್ಲಿ ಉಳುಮೆ ಬಿಟ್ಟು ಹುಲ್ಲು ಬೆಳೆಸಿದರೆ ವರ್ಷ ವರ್ಷ ಹಣ ಎಂದು ಸರ್ಕಾರ ಸಾರಿದಾಗ ಮೊದಲು ಸಿಕ್ಕಿದ್ದು ಅವನಿಗೇ. ನನ್ನ ಗಂಡನ ಹೊಟ್ಟೆಗೆ ಬೆಂಕಿ ಬಿತ್ತು. ಮರುದಿನವೇ ಕಚೇರಿಗೆ ಓಡಿದ.

“ನಿಮ್ದು ಮೊದ್ಲಿಂದ್ಲೂ ಹುಲ್ಲೇ ಅಲ್ವಾ?” ಅಂದರಂತೆ ಸಾಹೇಬರು. “ಉಳೋದು ನಿಲ್ಸಿದ್ರೆ ದುಡ್ಡು. ನೀವು ಉಳ್ತಾನೇ ಇರ್ಲಿಲ್ಲ, ಏನನ್ನ ನಿಲ್ಲಿಸ್ತೀರಿ?”

ಕೆಡಿಸಿದವನಿಗೆ ಬಹುಮಾನ, ಉಳಿಸಿಕೊಂಡವನಿಗೆ ಚಿಪ್ಪು. ಇಂಥ ಬುದ್ಧಿ ಹೇಳಿಕೊಡಲು ಯಾವ ಶಾಲೆ ಇದೆಯೋ ನಾನರಿಯೆ. ಭಾವನೇ ದಾರಿ ತೋರಿಸಿದ: “ಒಂದ್ಸಲ ಉತ್ತು, ಒಂದು ಬೆಳೆ ತೆಗಿ. ಬರೋ ವರ್ಷ ನಿಲ್ಸು. ದುಡ್ಡು ತಾನಾಗೇ ಬರುತ್ತೆ.”

“ಅತ್ತೆ ಜೀವ ಇರೋದೇ ಅಲ್ಲಿ, ಬೇಡ” ಅಂದೆ.

“ಹುಲ್ಲು ತಾನೇ, ಮತ್ತೆ ಬೆಳೆಯುತ್ತೆ” ಅಂದ ನನ್ನ ಗಂಡ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಒಂದು ದಿನ ಅವನಿಗೆ ತಾಯಿಯ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. “ಅಮ್ಮಂಗೆ ಕಣ್ಣು ಮಂಜಾಗಿದೆ, ಪೇಟೆಗೆ ಕರ್ಕೊಂಡು ಹೋಗಿ ಕನ್ನಡಕ ಮಾಡಿಸ್ಕೊಂಡು ಬಾ” ಎಂದು ನಮ್ಮನ್ನು ಬಸ್ಸು ಹತ್ತಿಸಿದ. ನನಗೂ ಹೊಳೆಯಲಿಲ್ಲ. ಹೊಸ ಕನ್ನಡಕದಲ್ಲಿ ಅತ್ತೆ ಬಸ್ಸಿನ ಕಿಟಕಿಯಿಂದ ಎಲೆ ಎಲೆಯನ್ನೂ ತೋರಿಸಿ ನಗುತ್ತಾ ಬಂದಳು. ಇಳಿದವಳೇ ಸೀದಾ ತೊರೆಗೆ ನಡೆದಳು. ಅಲ್ಲಿ ಬರೀ ಕೆಂಪು ಮಣ್ಣಿನ ಹೆಂಟೆಗಳಿದ್ದವು. ಒಂದು ಹಕ್ಕಿ ಅದೇ ಜಾಗದ ಸುತ್ತ ಕೂಗುತ್ತಾ ಸುತ್ತುತ್ತಿತ್ತು. ಅತ್ತೆ ಕನ್ನಡಕ ತೆಗೆದು ಸೆರಗಿಗೆ ಕಟ್ಟಿಕೊಂಡಳು. ಆ ಕ್ಷಣ ನನಗೆ ಗಂಡನ ಮೇಲೆ ಹೇಸಿಗೆ ಹುಟ್ಟಿತು. ಅದು ಇನ್ನೂ ಹೋಗಿಲ್ಲ.

ಅಂದಿನಿಂದ ಅವಳು ಸಂಜೆ ಹೊರಗೆ ಹೋಗಲಿಲ್ಲ. ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ವರ್ಷ ಎಲ್ಲವೂ ಭಾವ ಹೇಳಿದಂತೆಯೇ ನಡೆಯಿತು. ಸಾಹೇಬರು ‘ಸಂರಕ್ಷಿತ ದಂಡೆ’ ಎಂಬ ಬೋರ್ಡು ನೆಡಿಸಿ, ಬಿತ್ತಲು ಒಂದು ಚೀಲ ಬೀಜ ತಂದು ನಮ್ಮ ಜಗಲಿಯ ಮೇಲಿಟ್ಟರು. ಅತ್ತೆ ಎದ್ದು ಬಂದು, ಅಷ್ಟು ದಿನದ ಮೇಲೆ ಕನ್ನಡಕ ಹಾಕಿಕೊಂಡು, ಒಂದು ಹಿಡಿ ಬೀಜ ತೆಗೆದು ನೋಡಿದಳು.

“ಇದು ನಮ್ಮ ಹುಲ್ಲೇ ಕಣೋ” ಅಂದಳು ಮಗನಿಗೆ.

ಸಾಹೇಬರೇ ಖುಷಿಯಾಗಿ ಹೇಳಿದರು: “ಹೌದಜ್ಜಿ, ಈ ದಂಡೆಗೆ ಇದೇ ಸರಿ. ಬೇರು ಹಿಡಿದು ಹಕ್ಕಿ ವಾಪಸ್ ಬರಕ್ಕೆ ಎಂಟ್ಹತ್ತು ವರ್ಷ ಆಗುತ್ತೆ, ಅಷ್ಟೇ.”

ಅತ್ತೆ ಒಂದು ಕಾಳೂ ಚೆಲ್ಲದಂತೆ ಬೀಜವನ್ನು ಚೀಲಕ್ಕೆ ಸುರಿದಳು.

“ಆ ವರ್ಷಗಳನ್ನ ನಂಗೆ ಯಾವ ಸರ್ಕಾರ ಕೊಡುತ್ತಪ್ಪಾ?” ಅಂದು, ಕನ್ನಡಕವನ್ನು ಮಗನ ಕೈಗಿಟ್ಟು ಒಳಗೆ ಹೋದಳು.