ಪಿಳ್ಳಮ್ಮನ ಕಂಪನಿ

ಡ್ರಮ್ಮಿನ ನೀರನ್ನು ಉದ್ದನೆಯ ಕೋಲಿನಿಂದ ಕದಡುತ್ತ ಶೇಖರಪ್ಪ ಇನ್ನೊಂದು ಮಗ್ಗು ಫಿನಾಯಿಲ್ ಎಣ್ಣೆ ಸುರಿದ. ಕಂದು ಬಣ್ಣದ ಎಣ್ಣೆ ನೀರಿಗೆ ಬಿದ್ದೊಡನೆ ಬೆಳ್ಳಗೆ ಮಜ್ಜಿಗೆಯಂತಾಯಿತು. ನೀರು ಹೆಚ್ಚಾದರೆ ಫ್ಯಾಕ್ಟರಿಯವರು ವಾಸನೆಯೇ ಇಲ್ಲವೆಂದು ಕ್ಯಾನು ವಾಪಸು ಕಳಿಸುತ್ತಾರೆ; ಎಣ್ಣೆ ಹೆಚ್ಚಾದರೆ ಕೈಯಿಂದ ನಷ್ಟ. ಅದಕ್ಕೇ ಈ ಕೆಲಸವನ್ನು ಅವನು ಇಂದಿಗೂ ಬೇರೆಯವರಿಗೆ ಬಿಟ್ಟಿರಲಿಲ್ಲ. ಪೀಣ್ಯದ ನಾಲ್ಕು ಫ್ಯಾಕ್ಟರಿಗಳಿಗೆ ಗುಡಿಸಿ ಒರೆಸುವ ಆಳುಗಳನ್ನು ಒದಗಿಸುವ ಕಂಟ್ರಾಕ್ಟರನಾದರೂ, ವಾರಕ್ಕೊಮ್ಮೆ ಲಗ್ಗೆರೆಯ ತನ್ನ ಮನೆಯ ಕೆಳಗಿನ ಶೆಡ್ಡಿನಲ್ಲಿ ಪಂಚೆ ಎತ್ತಿ ಕಟ್ಟಿ ನಿಲ್ಲುತ್ತಿದ್ದ.

ಆರನೆಯ ಕ್ಯಾನಿಗೆ ಮುಚ್ಚಳ ತಿರುಗಿಸುತ್ತಿದ್ದಾಗ ಪಿಳ್ಳಮ್ಮ ಬಂದಳು. ಹದಿನಾರು ವರ್ಷದಿಂದ ಅವನ ಹತ್ತಿರವೇ ದುಡಿಯುತ್ತಿದ್ದ ಐವತ್ತೆಂಟರ ಹೆಂಗಸು; ಈಗ ಉಳಿದ ಆಳುಗಳಿಗೆಲ್ಲ ಮೇಸ್ತ್ರಿ. ನೀಲಿ ಕೋಟಿನ ಜೇಬಿನಿಂದ ಬ್ಯಾಂಕಿನ ಪಾಸ್‌ಬುಕ್ಕು ಇಣುಕುತ್ತಿತ್ತು.

“ಸಾರು, ನನ್ ದುಡ್ಡು ಕೊಡಾಕಿಲ್ಲ ಅಂತಾವ್ರೆ ಬ್ಯಾಂಕಲ್ಲಿ.”

“ಯಾಕಂತೆ?”

“ಮೇಲಿಂದ ಕಾಗ್ದ ಬಂದೈತಂತೆ. ನಾನು ಟ್ಯಾಕ್ಸು ಕಟ್ಟಿಲ್ವಂತೆ. ಎಷ್ಟು ಗೊತ್ತಾ? ಹದಿನಾಲ್ಕು ಲಕ್ಷ ಅರವತ್ತು ಸಾವ್ರ! ಮ್ಯಾನೇಜರು ಓದಿ ಯೋಳ್ದಾಗ ನಂಗೆ ನಗು ಬಂದ್ಬುಡ್ತು. ಇಂದ್ಗಡೆ ನಿಂತಿದ್ದೋರೂ ನಕ್ರು.”

ಶೇಖರಪ್ಪ ನಗಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿದ.

“ಐವತ್ತೆರಡು ಸಾವ್ರ ಐತೆ ಸಾರು ಅದ್ರಲ್ಲಿ. ಮಾದನಾಯಕನಹಳ್ಳಿ ತಾವ ಸರ್ಕಾರದ ಮನೆ ಬಂದೈತಲ್ಲ, ಅದ್ಕೆ ನಮ್ ಪಾಲಿನ ದುಡ್ಡು ಕಟ್ಬೇಕು. ಇಪ್ಪತ್ತೈದನೇ ತಾರೀಕು ದಾಟುದ್ರೆ ಪಟ್ಟೀಲಿ ಮುಂದ್ಲೋರಿಗೆ ಓಯ್ತದಂತೆ.”

“ನಾನು ನೋಡ್ಕೊತೀನಿ. ನೀನು ಡ್ಯೂಟಿಗೆ ಹೋಗು.”

“ನೀವು ನೋಡ್ಕತೀರಿ ಬುಡಿ, ನಂಗೇನು ಭಯ,” ಎಂದು ಅವಳು ತುಂಬಿದ ಕ್ಯಾನೊಂದನ್ನು ಸೊಂಟಕ್ಕೇರಿಸಿಕೊಂಡು ನಡೆದಳು. ಶೇಖರಪ್ಪ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಳಿತ.

ಐದು ವರ್ಷದ ಹಿಂದಿನ ಮಾತು. ಎರಡು ಸಾವಿರದ ಒಂಬತ್ತರಲ್ಲಿ ಫ್ಯಾಕ್ಟರಿಗಳು ರೇಟಿಗಾಗಿ ಕಂಟ್ರಾಕ್ಟರುಗಳ ಕತ್ತು ಹಿಡಿಯುತ್ತಿದ್ದವು. ಸರ್ವಿಸ್ ಟ್ಯಾಕ್ಸ್ ಸೇರಿಸಿ ಬಿಲ್ಲು ಕೊಟ್ಟರೆ, “ಪಕ್ಕದವನು ಟ್ಯಾಕ್ಸೇ ಹಾಕಲ್ಲ ಕಣ್ರೀ, ನೀವ್ಯಾಕೆ ಹಾಕ್ತೀರಿ?” ಎನ್ನುತ್ತಿದ್ದರು. ಆಗ ದಾರಿ ತೋರಿಸಿದವನು ಪೀಣ್ಯದ ಟ್ಯಾಕ್ಸ್ ಕನ್ಸಲ್ಟೆಂಟ್ ನರೇಶ್. ವರ್ಷಕ್ಕೆ ಹತ್ತು ಲಕ್ಷದೊಳಗಿನ ವ್ಯವಹಾರಕ್ಕೆ ಈ ತೆರಿಗೆ ಇಲ್ಲ. ಒಂದೇ ವ್ಯವಹಾರವನ್ನು ಮೂರು ಹೆಸರಿಗೆ ಒಡೆದರೆ ಮೂರೂ ಹತ್ತರೊಳಗೆ ಉಳಿಯುತ್ತವೆ. ಒಂದು ಶೇಖರಪ್ಪನ ಹೆಸರು, ಒಂದು ಹೆಂಡತಿ ಮಹಾದೇವಿಯ ಹೆಸರು. ಮೂರನೆಯದಕ್ಕೆ ನಂಬಿಕೆಯ ಜನ ಬೇಕಿತ್ತು.

ಪಿಳ್ಳಮ್ಮನ ಪ್ಯಾನ್ ಕಾರ್ಡ್ ಮಾಡಿಸಿದರು. ಅವಳ ಹೆಸರಲ್ಲಿ ಕರೆಂಟ್ ಅಕೌಂಟ್ ತೆಗೆಸಿ, ಖಾಲಿ ಚೆಕ್ಕುಗಳಿಗೆ ಸಹಿ ಹಾಕಿಸಿಕೊಂಡರು. ಹೆಬ್ಬೆಟ್ಟು ಒತ್ತುತ್ತಿದ್ದ ಅವಳು ಆ ಸಹಿಗಾಗಿ ಎರಡು ವಾರ ಹಳೇ ಪೇಪರಿನ ಮೇಲೆ ತನ್ನ ಹೆಸರು ತಿದ್ದಿದ್ದಳು. ಆಯುಧಪೂಜೆಯ ದಿನ ಪೊರಕೆ, ಮಾಪು, ನೆಲ ಉಜ್ಜುವ ಮಷೀನುಗಳನ್ನೆಲ್ಲ ಸಾಲಾಗಿಟ್ಟು ಬೂದುಗುಂಬಳ ಒಡೆಯುವಾಗ ಶೇಖರಪ್ಪ ಅವಳ ಕೈಗೇ ಕಾಯಿ ಕೊಟ್ಟು, “ಒಡಿ ಪಿಳ್ಳಮ್ಮ, ನಿನ್ನ ಹೆಸರಿನ ಕಂಪನಿ,” ಎಂದಿದ್ದ. ಅವತ್ತಿನಿಂದ ಅವಳು ಎಲ್ಲರ ಬಾಯಲ್ಲಿ ಓನರಮ್ಮ.

“ಓನರಮ್ಮಾ, ನಮ್ಗೂ ಒಸಿ ಬೋನಸ್ಸು ಕೊಡವ್ವಾ!” ಎಂದು ಗೇಟಿನ ಮುನಿಯಣ್ಣ ರೇಗಿಸಿದರೆ, “ಗೇಟಲ್ಲಿ ನಿದ್ದೆ ಒಡಿಯೋನಿಗೆ ಬೋನಸ್ಸು ಬ್ಯಾರೆ ಕೇಡು!” ಎಂದು ಅವಳೂ ಬಿಡುತ್ತಿರಲಿಲ್ಲ.

ಕೆಲಸ ಹೆಚ್ಚಾಯಿತು. ಹೆಚ್ಚಾದ ಬಿಲ್ಲನ್ನೆಲ್ಲ, ಹತ್ತು ಲಕ್ಷ ದಾಟಿದರೂ, ಪಿಳ್ಳಮ್ಮನ ಹೆಸರಿಗೇ ತುಂಬಿದರು. ಕಸ ಗುಡಿಸುವವಳ ಹೆಸರನ್ನು ಯಾರು ಹುಡುಕಿಕೊಂಡು ಬರುತ್ತಾರೆ? ಆದರೆ ಫ್ಯಾಕ್ಟರಿಗಳು ಸರ್ಕಾರಕ್ಕೆ ಕೊಟ್ಟ ಲೆಕ್ಕದಲ್ಲಿ ಆ ಹೆಸರಿತ್ತು. ಹೋದ ವರ್ಷ ಮೊದಲ ನೋಟಿಸು ಅವಳ ಬಾಡಿಗೆ ಕೋಣೆಯ ಬಾಗಿಲಿಗೆ ಬಂತು. ಇಂಗ್ಲಿಷಿನ ಆ ಕಾಗದವನ್ನು ಅವಳು ಮಡಿಕೆ ಹಾಳಾಗದಂತೆ ತಂದು ಶೇಖರಪ್ಪನ ಕೈಗಿಟ್ಟಳು. ಎರಡನೆಯದನ್ನೂ, ಮೂರನೆಯದನ್ನೂ ಹಾಗೆಯೇ ತಂದಳು. ಅವನು ಎಲ್ಲವನ್ನೂ ಬೀರುವಿನ ಖಾನೆಗೆ ಹಾಕಿದ.

ಮೊದಲ ನೋಟಿಸು ಬಂದ ವಾರವೇ ಅವನು ಒಂದು ಕಾಗದ ಬರೆದಿದ್ದ. ಈ ವ್ಯವಹಾರ ನನ್ನದು, ಪಿಳ್ಳಮ್ಮ ನನ್ನ ಬಳಿ ಸಂಬಳಕ್ಕೆ ದುಡಿಯುವವಳು, ತೆರಿಗೆ ಕಟ್ಟಬೇಕಾದವನು ನಾನು ಎಂದು. ಅದನ್ನು ಜೇಬಿನಲ್ಲಿಟ್ಟುಕೊಂಡು ಎರಡು ಸಲ ತೆರಿಗೆ ಕಚೇರಿಯ ಗೇಟಿನವರೆಗೆ ಹೋಗಿದ್ದ. ಒಳಗೆ ಹೋದರೆ ಮೂರು ಹೆಸರೂ ಒಂದಾಗುತ್ತವೆ. ತೆರಿಗೆ, ಬಡ್ಡಿ, ದಂಡ ಸೇರಿ ಮೂವತ್ತು ಲಕ್ಷ ದಾಟುತ್ತದೆ. ಎರಡು ಸಲವೂ ಎದುರಿನ ಅಂಗಡಿಯಲ್ಲಿ ಟೀ ಕುಡಿದು ವಾಪಸು ಬಂದಿದ್ದ. ಆ ಕಾಗದಕ್ಕೂ ಈಗ ಹದಿನಾಲ್ಕು ತಿಂಗಳು.

ಮಾರನೆಯ ದಿನ ನರೇಶನ ಆಫೀಸಿನಲ್ಲಿ ಶೇಖರಪ್ಪ ಮೂರನೆಯ ನೋಟಿಸನ್ನು ಮೇಜಿನ ಮೇಲಿಟ್ಟ.

“ಗಾಬರಿ ಬೇಡ ಅಣ್ಣ,” ಎಂದ ನರೇಶ್. “ಮಂಗಳವಾರ ಅವಳನ್ನ ಕರೆದಿದ್ದಾರೆ, ಹೇಳಿಕೆ ಕೊಡೋಕೆ. ಹೋಗಿ, ಕಂಪನಿ ನಂದೇ, ಲಾಸಾಯ್ತು, ಕೈಲಿ ಏನೂ ಇಲ್ಲ ಅಂದ್ರೆ ಮುಗೀತು. ಅವಳ ಹತ್ರ ಏನಿದೆ ಅಂತ ಜಪ್ತಿ ಮಾಡ್ತಾರೆ? ಫೈಲು ಮೂಲೆ ಸೇರುತ್ತೆ.”

“ಅವಳಿಗೆ ಮನೆ ಬಂದಿದೆಯಲ್ಲೋ. ಕಂಪನಿ ಓನರ್ ಅಂತ ದಾಖಲೆ ಆದ್ರೆ ಬಡವರ ಪಟ್ಟಿಯಿಂದ ಹೆಸರು ಹೊಡೆದು ಹಾಕ್ತಾರೆ.”

ನರೇಶ್ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ. “ನಿಮ್ಮನೆ ಉಳೀಬೇಕೋ, ಅವಳ ಮನೇನೋ? ನಾನು ಕೆಟ್ಟವನು ಅಂದ್ಕೋಬೇಡಿ. ನೀವು ಮುಳುಗಿದ್ರೆ ನಲವತ್ತು ಮನೆ ಒಲೆ ಆರುತ್ತೆ. ಅದನ್ನೂ ಲೆಕ್ಕ ಹಾಕಿ.”

ಅದು ಸುಳ್ಳಾಗಿರಲಿಲ್ಲ. ಆದ್ದರಿಂದಲೇ ಶೇಖರಪ್ಪ ಅದನ್ನು ಗಟ್ಟಿಯಾಗಿ ಹಿಡಿದುಕೊಂಡ. ಸೋಮವಾರ ಪಿಳ್ಳಮ್ಮನನ್ನು ಕೂರಿಸಿಕೊಂಡು ಹೇಳಿಕೊಟ್ಟ: ಕಂಪನಿ ಯಾರದು ಅಂದರೆ ನಂದೇ ಅನ್ನು, ದುಡ್ಡೆಲ್ಲಿ ಅಂದರೆ ಲಾಸಾಯ್ತು ಅನ್ನು. ಮನೆಯ ವಿಷಯ ಮಾತ್ರ ಎತ್ತಲಿಲ್ಲ.

ತೆರಿಗೆ ಕಚೇರಿಯ ಅಧಿಕಾರಿ ನಡುವಯಸ್ಸಿನ ಹೆಂಗಸು. ಪಿಳ್ಳಮ್ಮ ಅಂದು ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು ಬಂದಿದ್ದಳು. ಕುರ್ಚಿಯ ತುದಿಯಲ್ಲಿ ಕುಳಿತಳು. ಶೇಖರಪ್ಪನೂ ನರೇಶನೂ ಹಿಂದೆ ನಿಂತರು.

“ಈ ಸಂಸ್ಥೆ ಯಾರದಮ್ಮ?”

“ನಂದೇ ಮೇಡಂ.”

“ಎಷ್ಟು ಜನ ಕೆಲಸ ಮಾಡ್ತಾರೆ?”

“ನಲವತ್ತೆರಡು. ನೆನ್ನೆಯಿಂದ ನಲವತ್ತೊಂದು. ಕಮಲಮ್ಮನ ಸೊಸೆಗೆ ಎರಿಗೆ ಆಯ್ತು, ಕಮಲಮ್ಮ ಒಂದು ತಿಂಗ್ಳು ಬರಾಕಿಲ್ಲ. ಆರು ಗಂಟೆ ಶಿಫ್ಟಿಗೆ ಹದಿನೆಂಟು ಜನ, ಎಲ್ಡು ಗಂಟೆದಕ್ಕೆ ಹದಿನಾಲ್ಕು. ಮಿಕ್ಕೋರು ಜನರಲ್ಲು. ವಾಲ್ವ್ ಫ್ಯಾಕ್ಟ್ರೀಲಿ ಆಯಿಲ್ ಜಾಸ್ತಿ ಮೇಡಂ, ಅಲ್ಲಿಗೆ ವಯಸ್ಸಾದೋರ್ನ ಆಕಾಕಿಲ್ಲ, ಜಾರ್ತಾರೆ.”

ಅಧಿಕಾರಿ ಬರೆಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದರು. “ಎಲ್ಲಾ ಗೊತ್ತಲ್ಲ ನಿಮಗೆ!”

“ಗೊತ್ತಿರ್ಬೇಕಲ್ವಾ ಮೇಡಂ, ಓನರು.”

ಪಕ್ಕದ ಮೇಜಿನ ಗುಮಾಸ್ತ ನಗು ತಡೆದುಕೊಂಡ. ನರೇಶ್ ಸಮಾಧಾನದಿಂದ ತಲೆಯಾಡಿಸಿದ.

“ಸರಿ. ತಿಂಗಳಿಗೆ ನಿಮಗೆಷ್ಟು ಉಳಿಯುತ್ತೆ?”

“ಉಳಿಯೋದೆಲ್ಲಿ ಬಂತು ಮೇಡಂ? ಸಂಬ್ಳ ಆರೂವರೆ ಸಾವ್ರ. ಬಾಡ್ಗೆ, ರೇಸನ್ನು, ಬಸ್ಸು ಓದ್ರೆ ಐನೂರು ಉಳುದ್ರೆ ಎಚ್ಚು.”

ಅಧಿಕಾರಿ ಪೆನ್ನು ಕೆಳಗಿಟ್ಟರು. “ಓನರ್‌ಗೆ ಸಂಬಳ ಯಾರು ಕೊಡ್ತಾರಮ್ಮ?”

ಪಿಳ್ಳಮ್ಮ ಹಿಂತಿರುಗಿ ನೋಡಲು ಕತ್ತು ಅರ್ಧ ಹೊರಳಿಸಿದಳು. ನೋಡಬಾರದೆಂದು ನೆನಪಾಗಿ ಮುಂದಕ್ಕೆ ತಿರುಗಿದಳು. ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

“ನಾನೇ ಕೊಟ್ಕತೀನಿ ಮೇಡಂ,” ಎಂದಳು.

ಯಾರೂ ನಗಲಿಲ್ಲ. ಅಧಿಕಾರಿಯ ಕಣ್ಣು ಶೇಖರಪ್ಪನ ಮೇಲೆ ನಿಂತಿತು. “ನೀವ್ಯಾರು?”

“ಪರಿಚಯದವರು ಮೇಡಂ,” ಎಂದ ಅವನು. ಆ ಮಾತು ಬಾಯಿಂದ ಅಷ್ಟು ಸಲೀಸಾಗಿ ಬಂದದ್ದು ಅವನಿಗೇ ಆಶ್ಚರ್ಯವೆನಿಸಿತು.

“ಪರಿಚಯದವರು,” ಎಂದು ಅಧಿಕಾರಿ ನಿಧಾನವಾಗಿ ಹೇಳಿ ಫೈಲು ಮುಚ್ಚಿದರು. “ಹೇಳಿಕೆ ಟೈಪ್ ಮಾಡಿಸಿರ್ತೀನಿ. ಶುಕ್ರವಾರ ಬಂದು ಸಹಿ ಹಾಕಮ್ಮ. ಸಹಿ ಬಿದ್ದರೆ ಬಿತ್ತು, ಆಮೇಲೆ ಬದಲಾಯಿಸೋಕಾಗಲ್ಲ. ಅಷ್ಟರೊಳಗೆ ಬೇರೆ ಯಾರಾದ್ರೂ ಏನಾದ್ರೂ ಹೇಳೋದಿದ್ರೆ ಬರವಣಿಗೇಲಿ ಕಳಿಸಲಿ.”

ಹೊರಗೆ ಬಂದೊಡನೆ ನರೇಶ್ ಶೇಖರಪ್ಪನ ಬೆನ್ನು ತಟ್ಟಿ, “ಸಕ್ಕತ್ತಾಗಿ ಹೇಳಿದ್ಲು ಅಣ್ಣ,” ಎಂದು ಬೈಕು ಹತ್ತಿ ಹೊರಟುಹೋದ. ಬಸ್ ಸ್ಟಾಪಿನಲ್ಲಿ ಪಿಳ್ಳಮ್ಮ ಹಣೆಯ ಬೆವರು ಒರೆಸಿಕೊಂಡಳು.

“ಸರ್ಯಾಗ್ ಯೋಳಿದ್ನಾ ಸಾರು? ಸಂಬ್ಳದ ಪ್ರಶ್ನೆ ನೀವು ಯೋಳ್ಕೊಟ್ಟಿರ್ಲಿಲ್ಲ. ಅಲ್ಲೇ ಒಸಿ ತಡವರಿಸ್ಬುಟ್ಟೆ.”

ಶೇಖರಪ್ಪ ರಸ್ತೆಯ ಲಾರಿಗಳನ್ನು ನೋಡುತ್ತ ನಿಂತ. “ಪಿಳ್ಳಮ್ಮ, ಶುಕ್ರವಾರ ನೀನು ಸಹಿ ಹಾಕಿದ್ರೆ ಆ ಮನೆ ನಿನಗೆ ಸಿಗಲ್ಲ. ಕಂಪನಿ ಇರೋರಿಗೆ ಆ ಮನೆ ಕೊಡಲ್ಲ.”

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಹಿಂದಿನ ಕಲ್ಲುಕಟ್ಟೆಯನ್ನು ಕೈಯಿಂದ ತಡವಿ ಕುಳಿತಳು.

“ಮತ್ತೆ ಯಾಕೆ ಸಾರು ಅಂಗೆ ಯೋಳು ಅಂದ್ರಿ?”

ಬೈದಿದ್ದರೆ, ಎದೆ ಬಡಿದುಕೊಂಡಿದ್ದರೆ ಅವನಿಗೆ ಏನಾದರೂ ಹೇಳಲು ಸಿಗುತ್ತಿತ್ತು. ಅವಳು ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದ್ದಳು. ಬಸ್ಸು ಬಂತು. “ಎಲ್ಡು ಗಂಟೆ ಶಿಫ್ಟಿಗೆ ಒತ್ತಾಯ್ತು,” ಎಂದು ಅವಳು ಎದ್ದು ಅವನಿಗಾಗಿ ಕಾಯದೆ ಹತ್ತಿಕೊಂಡಳು.

ಮನೆಗೆ ಬಂದ ಶೇಖರಪ್ಪ ಊಟದ ತಟ್ಟೆ ಮುಟ್ಟಲಿಲ್ಲ. ಬೀರುವಿನ ಖಾನೆ ಎಳೆದು ನೋಟಿಸುಗಳನ್ನೂ ಹಳೆಯ ಕಾಗದವನ್ನೂ ಮಂಚದ ಮೇಲೆ ಹರಡಿದ. ಮಹಾದೇವಿ ಬಾಗಿಲಲ್ಲಿ ನಿಂತು ನೋಡಿದಳು.

“ಕಳಿಸ್ತೀರಾ?”

“ಗೊತ್ತಿಲ್ಲ.”

“ಕಳಿಸಿದ್ರೆ ಈ ಮನೆ ಹೋಗುತ್ತೆ ಕಣ್ರೀ. ಒಂದೊಂದು ಇಟ್ಟಿಗೆಗೂ ನಾನು ನೀರು ಹೊಯ್ದಿದ್ದೀನಿ. ಈ ವಯಸ್ಸಿನಲ್ಲಿ ಬಾಡಿಗೆ ಮನೆ ಹುಡುಕ್ಕೊಂಡು ಎಲ್ಲಿಗೆ ಹೋಗೋಣ? ನನ್ನ ಹೆಸರಲ್ಲೂ ಒಂದು ಕಂಪನಿ ಮಾಡಿದ್ರಲ್ಲ, ನನ್ನೂ ಅಲ್ಲಿ ಕೂರಿಸ್ತಾರಾ?” ಅವಳು ಬಾಗಿಲು ಬಿಟ್ಟು ಒಳಗೆ ಬಂದಳು. “ಮೊದಲೇ ಬೇಡ ಅಂದಿದ್ದೆ. ಕೇಳಿದ್ರಾ?”

“ಕೇಳಲಿಲ್ಲ.”

ಆಮೇಲೆ ಅವಳೇ ಕೇಳಿದಳು. “ಅಲ್ಲಿ ಪಿಳ್ಳಮ್ಮ ಏನಂದ್ಲು?”

ಅವನು ಎಲ್ಲವನ್ನೂ ಹೇಳಿದ. ಸಂಬಳದ ಮಾತಿಗೆ ಬಂದಾಗ ಸರಿಯಾಗಿ ಹೇಳಲಾಗದೆ ಎರಡು ಸಲ ನಿಲ್ಲಿಸಿದ. “ನಾನೇ ಕೊಟ್ಕತೀನಿ ಅಂದ್ಲು, ಮಹಾದೇವಿ. ನಾನ್ಯಾರು ಅಂತ ಕೇಳಿದ್ದಕ್ಕೆ ಪರಿಚಯದವರು ಅಂದೆ.”

ಮಹಾದೇವಿ ಮಂಚದ ಇನ್ನೊಂದು ತುದಿಯಲ್ಲಿ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡಳು. ಹರಡಿದ್ದ ನೋಟಿಸುಗಳನ್ನು ತಾರೀಕಿನ ಪ್ರಕಾರ ಒಂದರ ಕೆಳಗೊಂದು ಜೋಡಿಸತೊಡಗಿದಳು.

“ಭಾನುವಾರ ನನ್ನ ಚೀಟಿ ಕೂಗ್ತೀನಿ,” ಎಂದಳು. “ಎಷ್ಟು ಕಮ್ಮಿಗೆ ಹೋದ್ರೂ ಐವತ್ತೈದು ಸಾವಿರ ಸಿಗುತ್ತೆ. ಬ್ಯಾಂಕು ಬಿಡೋ ತನಕ ಕಾಯಬೇಕಿಲ್ಲ, ಇಪ್ಪತ್ತೈದರೊಳಗೆ ಅವಳ ಮನೆ ದುಡ್ಡು ಕಟ್ಟಲಿ. ಆದ್ರೆ ಕಾಗದ ನೀವೇ ಹಾಕಬೇಕು. ಅದನ್ನ ನಾನು ಮಾಡಲ್ಲ.”

ಬುಧವಾರ ಬೆಳಿಗ್ಗೆ ಶೇಖರಪ್ಪ ಹೊಸ ಹಾಳೆಯಲ್ಲಿ ಕಾಗದವನ್ನು ಮತ್ತೆ ಬರೆದ. ಹಳೆಯದರಲ್ಲಿ “ಕನ್ಸಲ್ಟೆಂಟ್ ಸಲಹೆಯ ಮೇರೆಗೆ” ಎಂಬ ಸಾಲಿತ್ತು, ಅದನ್ನು ಬಿಟ್ಟ. ಪಿಳ್ಳಮ್ಮ ಸಹಿ ಮಾಡಿಕೊಟ್ಟಿದ್ದ ಮೂರು ಖಾಲಿ ಚೆಕ್ಕುಗಳನ್ನೂ, ಅವಳ ಸಂಬಳದ ರಿಜಿಸ್ಟರಿನ ನಕಲನ್ನೂ ಲಗತ್ತಿಸಿದ. ತೆರಿಗೆಯನ್ನು ಕಂತಿನಲ್ಲಿ ಕಟ್ಟಲು ಅವಕಾಶ ಕೊಡಬೇಕೆಂದು ಕೊನೆಯಲ್ಲಿ ಕೇಳಿಕೊಂಡ. ಕೊಡುತ್ತಾರೋ ಇಲ್ಲವೋ, ಫ್ಯಾಕ್ಟರಿಗಳು ಇನ್ನು ಕೆಲಸ ಉಳಿಸುತ್ತವೋ ಇಲ್ಲವೋ, ಯಾವುದೂ ಗೊತ್ತಿರಲಿಲ್ಲ.

ಕಚೇರಿ ದೂರವೇನೂ ಇರಲಿಲ್ಲ. ಆದರೆ ಆ ಗೇಟಿನ ಮುಂದೆ ತನ್ನ ಕಾಲುಗಳು ಏನು ಮಾಡುತ್ತವೆಂದು ಅವನಿಗೆ ಗೊತ್ತಿತ್ತು. ನೇರವಾಗಿ ಪೋಸ್ಟ್ ಆಫೀಸಿಗೆ ನಡೆದ.

ಕೌಂಟರಿನ ಹುಡುಗಿ ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿದಳು. “ಸ್ಪೀಡ್ ಪೋಸ್ಟಾ ಸಾರ್? ನಾಳೆ ತಲುಪುತ್ತೆ. ಕಳಿಸೋರ ಹೆಸರೇ ಇಲ್ವಲ್ಲ, ಬರೀರಿ.”

ಅವನು ದಾರಕ್ಕೆ ಕಟ್ಟಿದ್ದ ಪೆನ್ನಿನಿಂದ ಹೆಸರು, ಮನೆ ನಂಬರು, ಮೊಬೈಲ್ ನಂಬರು ಬರೆದ. ಅವಳು ತೂಕ ಹಾಕಿ, ಚೀಟಿ ಅಂಟಿಸಿ, ಲಕೋಟೆಯನ್ನು ಹಿಂದಿನ ಚೀಲಕ್ಕೆ ಎಸೆದಳು. ಶೇಖರಪ್ಪನ ಕೈ ತಾನಾಗಿ ಕಿಂಡಿಯೊಳಗೆ ಚಾಚಿತು.

“ಯಾಕ್ಸಾರ್, ವಾಪಸ್ ಬೇಕಿತ್ತಾ?”

ಚೀಲದ ಬಾಯಿಯನ್ನು ಅವನು ಒಂದು ಗಳಿಗೆ ನೋಡಿದ.

“ಬೇಡಮ್ಮ. ರಸೀದಿ ಕೊಡು,” ಎಂದು ಹಿಂದಿನವರಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದ.