ಒಂದು ಮೊಳ ಒಳಗೆ

ಆಫೀಸಿನವರು ಅಂಟಿಸಿ ಹೋದ ಕಾಗದವನ್ನು ಸೊಸೆ ಓದಿದಳು. "ಮಾವ, ನಮ್ಮನ್ನ ಕೊಳಗೇರಿ ಅಂತ ಬರೆದಿದಾರೆ."

"ಹಂಗಂದ್ರೆ ಏನಂತೆ?"

"ಅರ್ಥಾನೂ ಕೊಟ್ಟಿದಾರೆ. ದಾರಿ ಬಿಡದೆ ಕಟ್ಟಿಕೊಂಡ ತಗಡಿನ ಗುಡಿಸಲುಗಳು ಅಂತೆ. ನೀರಿನ ಪೈಪು ಬೀದಿಗಳಿಗೆ ಮಾತ್ರ. ತಳ್ಳುಗಾಡಿ ಈ ತುದಿಯಿಂದ ಆ ತುದಿಗೆ ಹೋದ್ರೆ ಬೀದಿ. ಇವತ್ತು ಹತ್ತಕ್ಕೆ ಅಳೆಯೋಕೆ ಬರ್ತಾರೆ!"

ನಲವತ್ತು ವರ್ಷದಿಂದ ಆ ಪದ ಕೇಳುತ್ತಾ ಬಂದಿದ್ದೇನೆ. ನಮ್ಮಲ್ಲಿ ಯಾರ ಬಾಯಲ್ಲೂ ಅದು ಬರುವುದಿಲ್ಲ. ನಮಗಿದು ಬರೀ 'ನಮ್ಮ ಕಡೆ'. ಸೊಸೆ ಹೊಲಿಗೆ ಕೆಲಸ ಕೇಳಲು ಹೋಗಿ ವಿಳಾಸ ಹೇಳಿದಾಗ ಮೇಸ್ತ್ರಿ "ಓ, ಆ ಕೊಳಗೇರೀನಾ" ಅಂದು ಬಾಗಿಲು ತೋರಿಸಿದ್ದ.

ಆಗ ಗಂಟೆ ಏಳು. ಗುಜರಿ ಅಕ್ಕ ತನ್ನ ತಳ್ಳುಗಾಡಿ ತಂದು ಓಣಿಗೆ ನುಗ್ಗಿಸಿದಳು. ನಾಲ್ಕನೇ ಮನೆಗೇ ಸಿಕ್ಕಿಕೊಂಡಿತು.

"ಎಲ್ಲಾ ಒಂದೊಂದು ಮೊಳ ಸರೀರೋ!"

ಸರಿಯೋದು ನಮಗೆ ಬಾರದ ವಿದ್ಯೆಯೇ? ಗೂಟ ಕಿತ್ತರು, ತಗಡು ಎತ್ತಿದರು, ಹಗ್ಗ ಬಿಗಿದರು. ಒಬ್ಬಳಂತೂ ಒಲೆ ಮೇಲಿನ ಪಾತ್ರೆ ಇಳಿಸದೆಯೇ ಗೋಡೆ ಹಿಂದಕ್ಕೆಳೆದಳು. ಒಂಬತ್ತಕ್ಕೆಲ್ಲ ಗಾಡಿ ಗಡಗಡ ಓಡಿ ಬಂತು. ಬಂದು ಢಿಕ್ಕಿ ಹೊಡೆದದ್ದು ನನ್ನ ಗೋಡೆಗೆ.

ಇಡೀ ಓಣಿಗೆ ಇಟ್ಟಿಗೆ ಗೋಡೆ ಅಂತ ಇದ್ದದ್ದು ನನ್ನದೊಂದೇ. ಗಾರೆ ಕೆಲಸ ಮುಗಿಸಿ ಬರುವಾಗ ಒಡಕು ಇಟ್ಟಿಗೆ ಒಂದೊಂದೇ ತಂದು ಹನ್ನೊಂದು ವರ್ಷ ಕಟ್ಟಿದ್ದೆ. ಅದಕ್ಕೆ ಬೆನ್ನು ಕೊಟ್ಟು ಕೂತು "ನಿಮ್ಮದೆಲ್ಲ ಗಾಳಿಮನೆ" ಅಂತ ಆಡಿಕೊಂಡವನೂ ನಾನೇ.

"ಅರಮನೆ ತಾತ, ಈಗೇನ್ಮಾಡ್ತೀಯ?" ಅಕ್ಕ ಸೊಂಟದ ಮೇಲೆ ಕೈಯಿಟ್ಟಳು.

"ಬೇಡ ಮಾವ, ಮತ್ತೆ ಅರ್ಜಿ ಕೊಡೋಣ" ಅಂದಳು ಸೊಸೆ. ಅವಳ ಕಾಲ ಬಳಿ ಖಾಲಿ ಕೊಡ ಬಿದ್ದಿತ್ತು.

"ಸುತ್ತಿಗೆ ಕೊಡಮ್ಮ."

ಮೊದಲ ಏಟಿಗೆ ನನ್ನ ಎದೆಯೇ ಝಲ್ ಅಂತು. ಎರಡನೇದಕ್ಕೆ, ಯಾಕೋ, ಹುರುಪು ಬಂತು. ಆಮೇಲೆ ಹತ್ತು ಕೈ, ಇಪ್ಪತ್ತು ಕೈ! ಇಟ್ಟಿಗೆಗಳು ಕೈಯಿಂದ ಕೈಗೆ ಹಾರಿ ಓಣಿಯ ಗುಂಡಿಗಳಿಗೆ ಬಿದ್ದವು.

ಅಳೆಯುವವರು ಟೇಪು ಬಿಚ್ಚುವ ಮೊದಲೇ ಅಕ್ಕ "ಕೂತ್ಕೊಳಿ ಸ್ವಾಮಿ" ಅಂತ ಅವರನ್ನು ಗಾಡಿಯಲ್ಲೇ ಕೂರಿಸಿ ಈ ತುದಿಯಿಂದ ಆ ತುದಿಗೆ ತಳ್ಳಿಬಿಟ್ಟಳು. ಅವರು ಕನ್ನಡಕ ಹಿಡಿದುಕೊಂಡು ಇಳಿದು, ಹಳೇ ಪದಕ್ಕೆ ಗೀಟು ಹಾಕಿ 'ಬೀದಿ' ಅಂತ ಬರೆದರು. ಸೊಸೆ ಅದನ್ನು ಕೂಗಿ ಕೂಗಿ ಮೂರು ಸಲ ಓದಿದಳು.

ಸಂಜೆ ತಗಡೊಂದನ್ನು ಹೊತ್ತು ತಂದು ಕೇಳಿದಳು: "ಮಾವ, ನಮ್ಮ ಗಾಳಿಮನೆಗೆ ಗೂಟ ಎಲ್ಲಿ ಹೊಡೀಲಿ?"

"ಒಂದು ಮೊಳ ಒಳಗೆ" ಅಂದೆ.